ಹಿಂದಿನ ಕೋಣೆಯ ಡ್ರಮ್ಸ್

"ಯಾರಾದ್ರೂ ನೋಡ್ತಿದ್ರೆ ನಂಗೆ ಕೈಯೇ ಓಡಲ್ಲ ಕಣೋ," ಅಂದ ಜಯತೀರ್ಥ. ನಮ್ಮ ಹೆವಿ ಮೆಟಲ್ ಬ್ಯಾಂಡಿನ ಡ್ರಮ್ಮರ್ ಅವನು. ಹಿತ್ತಲಿಗೆ ಬಾಗಿಲಿದ್ದ ಕೋಣೆಯಲ್ಲಿ ಅವನ ಡ್ರಮ್ಸ್ ಜೋಡಿಸಿ, ರೆಕಾರ್ಡಿಂಗಿಗೆ ಮೈಕ್ ಇಟ್ಟು, ಕಿಟಕಿಗೆ ಹಾಸಿಗೆ ಒರಗಿಸಿ ಬಂದೆ. ತಾಳ ಹಿಡಿಯೋಕೆ ಬೇಕು ಅಂತ ತಂದಿದ್ದ ದೊಡ್ಡ ಸ್ಪೀಕರ್ ಜೊತೆ ಅವನು ಒಳಗಿನಿಂದ ಚಿಲಕ ಹಾಕಿಕೊಂಡ. ನಾನು ಅಡುಗೆಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತೆ.

ಮೂರು ಹಾಡು ಮುಗಿದವು. ತಾಳ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆದರೆ ಎದೆಗೆ ಗುದ್ದಬೇಕಾದ ಸದ್ದು ಬಿಸ್ಕತ್ ಡಬ್ಬ ಬಡಿದಂತಿತ್ತು. ವಾರವೆಲ್ಲ ತಿಣುಕಿದೆ. ಕೊನೆಗೆ ಅವನ ಒಂದೊಂದೇ ಪೆಟ್ಟನ್ನು ಅಳಿಸಿ, ಆ ಜಾಗದಲ್ಲಿ ಕಂಪ್ಯೂಟರಿನ ರೆಡಿಮೇಡ್ ಪೆಟ್ಟು ಕೂರಿಸಿದೆ. ಅವನಿಗೆ ಹೇಳಲಿಲ್ಲ.

ಮುಂದಿನ ಭಾನುವಾರ ಹಿತ್ತಲ ಕಟ್ಟೆಯ ಮೇಲೆ ಕೂತು ಹಾಡು ಕೇಳಿಸಿದೆ. ಜಯತೀರ್ಥ ಉಬ್ಬಿಹೋದ.

"ನೋಡಿದ್ಯಾ! ಮನುಷ್ಯ ಕೈಯಾರೆ ಬಾರಿಸೋದು ಅಂದ್ರೆ ಇದು. ಯಾವ ಕಂಪ್ಯೂಟರಿಗೆ ಬರುತ್ತೋ ಇದು?"

ನನಗೆ ಒಳಗೊಳಗೇ ಚುಚ್ಚತೊಡಗಿತು. "ಜಯ, ನಿಂಗೊಂದು ವಿಷಯ ಹೇಳ್ಬೇಕು..." ಎಂದು ಬಾಯಿ ತೆರೆದೆ.

ಅಷ್ಟರಲ್ಲಿ ಪಕ್ಕದ ಮನೆಯ ಸುಶೀಲಮ್ಮ ಕಾಂಪೌಂಡಿನಾಚೆಯಿಂದ ಇಣುಕಿದರು.

"ಹೋದ ಭಾನುವಾರದ ಗಲಾಟೆ ಇದೇ ಅಲ್ವೇನಪ್ಪ? ಆ ಕೋಣೇಲಿ ಹಾಗೆ ಬಾರಿಸ್ತಿದ್ದೋರು ಯಾರು? ಪಾಪ, ನಿನ್ನ ಪಕ್ಕದ ಈ ಹುಡುಗ 'ತಲೆ ಸಿಡೀತಿದೆ ಆಂಟಿ' ಅಂತ ಅಷ್ಟು ಹೊತ್ತೂ ನಮ್ಮನೇಲಿ ಕೂತು ಎಂಟು ಇಡ್ಲಿ ತಿಂದ."