ತಾಯಿಯ ಕಡೆಗೆ ಬಾಣ

ಸುಗ್ಗಿಯ ಕಾಲ, ಬೋರೇಗೌಡರ ಕಣದಲ್ಲಿ ರಾಗಿ ಒಕ್ಕಣೆ ನಡೆದಿತ್ತು. ಹಾಲಿನ ಸಂಘದ ದನಗಳಿಗೆ ಆಬ್ಜೆಕ್ಟ್ ಡೇಟಾಬೇಸ್, ಎಂದರೆ ಒಂದೊಂದು ದನವನ್ನೂ ಅದರ ನಂಟನ್ನೂ ಹಿಡಿದಿಡುವ ಕಂಪ್ಯೂಟರ್ ದಾಖಲೆ, ಕಟ್ಟಲು ಬಂದಿದ್ದ ಹೇಮಲತೆ ಕಣದಂಚಿನಲ್ಲಿ ಕೂತು, ದನಕ್ಕೊಂದು ಚೌಕ ಬರೆದು, ಕರುವಿನಿಂದ ತಾಯಿಗೆ ಬಾಣ ಎಳೆಯುತ್ತಿದ್ದಳು.

"ಗೌಡ್ರ ಹಸ ನಾನು ಪಾಲಿಗೆ ಸಾಕಿವ್ನಿ ಕಣವ್ವ. ಮೊದ್ಲ ಕರ ಸಾಕಿದೋರ್ಗೆ ಅಂತ ಮಾತಾಗಿತ್ತು," ಎಂದಳು ಕೆಂಪಾಜಮ್ಮ. ಕರುವಿನ ಹಗ್ಗವನ್ನು ಅವಳು ಬಿಟ್ಟಿರಲಿಲ್ಲ.

"ಮಾತೂ ಇಲ್ಲ, ಗೀತೂ ಇಲ್ಲ. ಹಸ ಯಾರ್ದೋ ಕರ ಅವರ್ದೇ. ಹಂಗೇ ಬರ್ಕಳಿ ಮೇಡಂ," ಗೌಡರು ಗದರಿದರು.

"ಹಾಗೆ ಬರೆದರೆ ಎಲ್ಲ ದನಕ್ಕೂ ಅದೇ ನಿಯಮ, ಗೌಡರೇ. ಒಡೆಯರ ಹೆಸರು ತಾಯಿಯಿಂದಲೇ ಬರುತ್ತೆ. ಆಮೇಲೆ ಒಂದಕ್ಕೆ ಮಾತ್ರ ಬದಲಿಸೋಕಾಗಲ್ಲ."

"ಬದಲಿಸ್ಬ್ಯಾಡಿ ಅಂತಾನೇ ನಾನೂ ಹೇಳ್ತಿರೋದು!"

ಕೆಂಪಾಜಮ್ಮನ ಮುಖ ಕಪ್ಪಿಟ್ಟಿತು. ಹೇಮಲತೆ ಮನಸ್ಸಿಲ್ಲದೆ ನಿಯಮ ಬರೆದಳು. ಕರುವಿನಿಂದ ಹಸುವಿಗೆ ಬಾಣ ಎಳೆದು, ಹಸುವಿನ ಚೌಕದ ಮೇಲೆ ಇನ್ನೊಂದು ಖಾಲಿ ಚೌಕ ಬರೆದು ಕೇಳಿದಳು: "ಈ ಹಸುವಿನ ತಾಯಿ ಯಾರದು?"

ಗೌಡರು ರಾಗಿ ರಾಶಿಯತ್ತ ತಿರುಗಿದರು.

"ನಮ್ಮತ್ತೇದು ಕಣವ್ವ," ಎಂದಳು ಕೆಂಪಾಜಮ್ಮ. "ಈ ಗೌಡ್ರ ಅಪ್ಪ ಅದನ್ನ ಪಾಲಿಗೆ ಸಾಕಿ, ಮೊದ್ಲ ಕರ ನಂದು ಅಂತ, ಆಗಿನ್ನೂ ಕರವಾಗಿದ್ದ ಈ ಹಸನ ಹಿಡ್ಕಂಡ್ ಹೋಗಿದ್ರು."

ಹೇಮಲತೆ ಖಾಲಿ ಚೌಕದಲ್ಲಿ ಅತ್ತೆಯ ಹೆಸರು ಬರೆದು, ಅದೇ ನಿಯಮದಂತೆ ಹಸುವಿನಿಂದ ಅದಕ್ಕೆ ಬಾಣ ಎಳೆಯಹೋದಳು. ಗೌಡರು ಹಾಳೆಯ ಮೇಲೆ ಅಂಗೈ ಅಡ್ಡ ಇಟ್ಟರು. "ತಡೀರಿ ಮೇಡಂ. ಕರ ಅವಳ್ದೇ."