ಐದನೇ ತಿಂಗಳ ಹೊಲಿಗೆ

ಡೆಲ್ಮೀರಾ ಮೊಮ್ಮಗಳನ್ನು ಮುಟ್ಟದೆ ಇಂದಿಗೆ ನಲವತ್ತು ದಿನ. ಬಟ್ಟೆ ಒಗೆಯುತ್ತಾಳೆ, ಬಾಣಂತಿ ಮಗಳಿಗೆ ಬಿಸಿ ಸಾರು ಮಾಡಿಕೊಡುತ್ತಾಳೆ, ತೊಟ್ಟಿಲ ಕಡೆ ಮಾತ್ರ ಸುಳಿಯುವುದಿಲ್ಲ. ಮಗುವಿನದು ಸೀಳುತುಟಿ. ಹೊಲಿದರೆ ಸರಿಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರೂ ಮುದುಕಿಗೆ ಸಮಾಧಾನವಿಲ್ಲ. ಮಗಳು ನೀಬಿಯಾ ಬೆನ್ನು ಬಿಡದೆ ಕೇಳಿದ ಮೇಲೆ ನಿನ್ನೆ ಡೆಲ್ಮೀರಾ ಬಾಯಿಬಿಟ್ಟಳು: "ನನ್ನ ಕೈ ಆ ಮಗೂಗೆ ಬೇಡ ಕಣೇ. ಅದನ್ನ ಒಡೆದವಳೇ ನಾನು."

ತಪ್ಪು ನೀಬಿಯಾಳದೇ. ಮೊಂಟೆವಿಡಿಯೊದ ಪ್ರಯೋಗಾಲಯವೊಂದರಲ್ಲಿ ಇಲಿಗಳ ಅಂಡಾಣು ನೋಡುವುದು ಅವಳ ಕೆಲಸ. ಬಸುರಿಯಾಗಿದ್ದಾಗ ಊಟದ ಮೇಜಿನಲ್ಲಿ ಜಂಬದಿಂದ ಹೇಳಿದ್ದಳು: ಹೆಣ್ಣಿನ ಅಂಡಾಣುಗಳೆಲ್ಲ ಅವಳು ತಾಯಿಯ ಹೊಟ್ಟೆಯಲ್ಲಿರುವಾಗಲೇ ತಯಾರಾಗುತ್ತವೆ, ಐದನೇ ತಿಂಗಳ ಹೊತ್ತಿಗೆ ಅವುಗಳ ಡಿಎನ್‌ಎ ನೂರಾರು ಕಡೆ ಒಡೆಯುತ್ತದೆ. ಅಷ್ಟರಲ್ಲಿ ಫೋನು ಬಂತು, ಎದ್ದುಹೋದಳು. ಅರ್ಧ ಓದಿದವರಿಗಿಂತ ಅರ್ಧ ಹೇಳುವವರೇ ಅಪಾಯ. ಏಕೆಂದರೆ ನೀಬಿಯಾ ಹೊಟ್ಟೆಯಲ್ಲಿ ಐದು ತಿಂಗಳ ಪಿಂಡವಾಗಿದ್ದಾಗ ದೇಶ ಸೇನೆಯ ಆಳ್ವಿಕೆಯಲ್ಲಿತ್ತು, ಡೆಲ್ಮೀರಾ ಸೈನಿಕರ ಸೆರೆಮನೆಯಲ್ಲಿದ್ದಳು. ಏಟು ತಿಂದಿದ್ದಳು, ಉಪವಾಸ ಬಿದ್ದಿದ್ದಳು. ಮುಂದೆ ಮೊಮ್ಮಗಳಾಗಬೇಕಿದ್ದ ಅಂಡಾಣು ಆ ಏಟಿಗೇ ಒಡೆಯಿತೆಂದು ಅವಳ ಲೆಕ್ಕ. ಜೊತೆಗೇ ಹಿಡಿದೊಯ್ದ ಗಂಡ ವಿಲ್ಮಾರ್ ಮತ್ತೆ ಮನೆಗೆ ಬರಲೇ ಇಲ್ಲ.

ಇವತ್ತು ಭಾನುವಾರ. ನೀಬಿಯಾ ಮಗುವನ್ನು ಎದೆಗೆ ಕಟ್ಟಿಕೊಂಡು ಅಮ್ಮನನ್ನು ಪ್ರಯೋಗಾಲಯಕ್ಕೆ ಎಳೆದುತಂದಳು. ಅಮ್ಮನ ಕಂಕುಳಲ್ಲಿದ್ದ, ಅಲ್ಲಿನವರು 'ಮಾತೆ' ಎನ್ನುವ ಎಲೆ ಕಷಾಯದ ಫ್ಲಾಸ್ಕನ್ನು ಬಾಗಿಲಾಚೆ ಇಡಿಸಿ, ಕತ್ತಲು ಕೋಣೆಯ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು.

"ಹಸಿರು ಎಳೆಗಳ ಮೇಲೆ ಕೆಂಪು ಚುಕ್ಕಿ ಕಾಣ್ತಾ? ಒಂದೊಂದೂ ಒಂದು ಒಡಕು. ಇದು ಹೊಟ್ಟೆಯೊಳಗಿದ್ದ ಇಲಿಮರಿಯ ಅಂಡಾಣು. ಅದರ ತಾಯಿ ತಿಂದುಂಡು ಸುಖವಾಗಿದ್ದ ಇಲಿ ಕಣಮ್ಮ. ಯಾರೂ ಅದನ್ನ ಹೊಡೆದಿರ್ಲಿಲ್ಲ."

"ಮತ್ಯಾಕೆ ಒಡೀತು?"

"ಜೀವಕೋಶಾನೇ ಬೇಕಂತ ಒಡ್ಕೊಳ್ಳತ್ತೆ. ಒಡೆದ ತುದಿ ತನ್ನ ಜೋಡೀನ ಹುಡುಕ್ಕೊಂಡು ಹೋಗತ್ತೆ. ಒಡೀದೆ ಇದ್ರೆ ಜೋಡಿ ಸಿಗಲ್ಲ."

ಮಗುವಿನ ತುಟಿ ಕೂಡುವುದು ತನ್ನ ಹೊಟ್ಟೆಯಲ್ಲಿ, ಎರಡನೇ ತಿಂಗಳಲ್ಲಿ, ಅದೇಕೆ ಕೂಡಲಿಲ್ಲವೋ ತನಗೂ ಗೊತ್ತಿಲ್ಲ ಎಂದೂ ನೀಬಿಯಾ ಹೇಳಿದಳು. ಆಮೇಲೆ ಇನ್ನೊಂದು ಗಾಜು ಇಟ್ಟಳು. ಎರಡು ದಿನ ಹೆಚ್ಚು ಬೆಳೆದ ಮರಿಯದು. ಎಳೆಗಳು ಜೋಡಿಜೋಡಿಯಾಗಿ ಮಲಗಿದ್ದವು, ಕೆಂಪು ಚುಕ್ಕಿಗಳು ಹೆಚ್ಚೂಕಡಿಮೆ ಮಾಯವಾಗಿದ್ದವು. ಬಟ್ಟೆ ಹೊಲಿದೇ ಮಗಳನ್ನು ಸಾಕಿದ ಡೆಲ್ಮೀರಾ ಬಹಳ ಹೊತ್ತು ಅದರಿಂದ ಕಣ್ಣು ಕೀಳಲಿಲ್ಲ.

"ಇಷ್ಟು ಅಚ್ಚುಕಟ್ಟಾಗಿ ರಫೂ ಮಾಡೋಕೆ ಮಾದರಿ ಬೇಕಲ್ವೇನೇ? ಅದೆಲ್ಲಿಂದ ತರತ್ತೆ?"

"ಜೋಡಿಯಿಂದ. ಒಂದೆಳೆ ಅಮ್ಮ ಕೊಟ್ಟಿದ್ದು, ಇನ್ನೊಂದು ಅಪ್ಪ ಕೊಟ್ಟಿದ್ದು. ಅಮ್ಮಂದು ಒಡೆದ ಕಡೆ ಅಪ್ಪಂದನ್ನ ನೋಡ್ಕೊಂಡು ತುಂಬ್ಕೊಳ್ಳತ್ತೆ."

"ಹಾಗಾದ್ರೆ ನಾನು ಸೆರೆಮನೇಲಿದ್ದಾಗ, ನಿನ್ನೊಳಗೆ?"

"ನಿಂದು ಒಡೆದಲ್ಲೆಲ್ಲ ಅಪ್ಪಂದು ಪಕ್ಕದಲ್ಲೇ ಇತ್ತಮ್ಮ."

ಡೆಲ್ಮೀರಾ ಎದ್ದು ನಿಂತು ಎರಡೂ ಕೈ ಚಾಚಿದಳು. ನೀಬಿಯಾ ಗಂಟು ಬಿಚ್ಚಿ ಮಗುವನ್ನು ಕೊಟ್ಟಳು. ಅಜ್ಜಿ ಆ ಸೀಳಿದ ತುಟಿಯನ್ನು ಒಂದು ಬೆರಳಿನಿಂದ ಮೆಲ್ಲಗೆ ಸವರಿದಳು.

"ಒಂದೇ ಒಂದು ಸಲ ನಿಮ್ಮ ತಾತನ್ನ ನೋಡೋಕೆ ಬಿಡಿ ಅಂತ ದಿನಾ ಆ ಸೈನಿಕರ ಕಾಲು ಹಿಡೀತಿದ್ದೆ ಕಣೇ ಪುಟ್ಟಿ, ಬಿಡಲೇ ಇಲ್ಲ ಅವರು," ಎಂದಳು. "ಆ ಮನುಷ್ಯ ನೋಡಿದ್ರೆ, ಯಾರನ್ನೂ ಕೇಳ್ದೆ ಒಳಗೆ ಬಂದು ನನ್ನ ಪಕ್ಕದಲ್ಲೇ ಹೊಲೀತಾ ಕೂತಿದ್ನಂತೆ."