ಕಾಂಪೌಂಡಿನಾಚೆಯ ನೀಲಿ ಹೂವು

ಕತ್ತರಿಯ ಸದ್ದು ಕೇಳಿದ್ದೇ ತಡ, ಮಂಚಮ್ಮ ಒಲೆಯ ಮೇಲಿನ ಹಾಲನ್ನು ಉಕ್ಕಲು ಬಿಟ್ಟು ಕಾಂಪೌಂಡಿನತ್ತ ಓಡಿದಳು. ಗೋಡೆಯಾಚೆ ಪ್ರಮೀಳಾ ನೀಲಿ ಹೂವಿನ ಹೈಡ್ರಾಂಜಿಯ ಗಿಡ ಸವರುತ್ತಿದ್ದಳು. ಬಾಡಿದ ಗೊಂಚಲಿನ ಕೆಳಗೆ, ಜೋಡಿ ಮೊಗ್ಗು ಉಳಿಸಿ ಒಂದೇ ಕಚಕ್. ಬಿದ್ದ ಕಡ್ಡಿಗಳನ್ನು ಚೂರುಚೂರು ಮಾಡಿ ಗೊಬ್ಬರದ ಗುಂಡಿಗೆ ಎಸೆಯುತ್ತಿದ್ದಳು.

"ಗುಂಡಿಗಾಕೋ ಬದ್ಲು ನಂಗೊಂದು ಕಡ್ಡಿ ಕೊಟ್ರೆ ನಿನ್ನ ಗಂಟೇನೋಯ್ತದೆ?"

"ಕೊಡಾಕಿಲ್ಲ ಕನಕ್ಕ."

"ಒಂದೇ ಒಂದು!"

"ಓದ್ಸಲ ಕೊಟ್ಟಿದ್ದು ಒಣಗಿಸ್ದೆ. ಅದ್ಕೆ ಮುಂಚೆ ಕೊಟ್ಟಿದ್ದು ಕೊಳೆಸ್ದೆ."

"ಜೀವ ಇಲ್ದಿರೋ ಕಡ್ಡಿ ಕೊಟ್ಬುಟ್ಟು ನನ್ ಕೈನೇ ಸರಿಯಿಲ್ಲ ಅಂತೀಯಾ?"

ಪ್ರಮೀಳಾ ತುಟಿ ಕಚ್ಚಿ ಅತ್ತ ತಿರುಗಿದಳು. "ಇದು ಕೇಳಿ ಈಸ್ಕೊಳ್ಳೋ ಗಿಡ ಅಲ್ಲ ಬುಡಕ್ಕ."

ಮಂಚಮ್ಮನ ಹೊಟ್ಟೆಯಲ್ಲಿ ಆಲೆಮನೆಯ ಒಲೆ ಹೊತ್ತಿಕೊಂಡಿತು. ಕೆ.ಆರ್. ಪೇಟೆಯ ಆ ಬೀದಿಯಲ್ಲಿ ಹೂವೆಂದರೆ ಅವಳದೇ ಎಂಬ ಕಾಲವಿತ್ತು. ಡೇರೆ, ಸೇವಂತಿಗೆ, ಕನಕಾಂಬರ. ಅವಳ ಅಂಗಳದ ಬಣ್ಣ ನೋಡಲು ನಾಗಮಂಗಲದ ಬಸ್ಸೂ ಒಂದು ಗಳಿಗೆ ನಿಂತು ಹೋಗುತ್ತಿತ್ತು. ಪ್ರಮೀಳಾ ಮಡಿಕೇರಿಯ ತಂಗಿಯ ಮನೆಯಿಂದ ಈ ಗಿಡ ತಂದಳು, ಮುಗಿಯಿತು. ಒಂದೊಂದು ಗೊಂಚಲೂ ಬೂದುಗುಂಬಳದಷ್ಟು. ಆ ನೀಲಿಗೆ ಆಕಾಶವೇ ನಾಚಿ ಮೋಡ ಹೊದೆಯಬೇಕು. ಈಗ ಮಂಚಮ್ಮನ ಮನೆಗೆ ಬಂದವರೂ ಗೋಡೆಯಾಚೆ ಕತ್ತು ಚಾಚುತ್ತಿದ್ದರು.

"ಇನ್ಮೇಲೆ ನಿನ್ ಮನೆ ಕಾಫಿ ನಂಗೆ ವಿಷ ಕನೇ," ಎಂದಳು ಮಂಚಮ್ಮ. ಮದುವೆಯಾಗಿ ಬಂದಾಗಿನಿಂದ ಇಬ್ಬರೂ ಸಂಜೆಯ ಕಾಫಿಯನ್ನು ಆ ಗೋಡೆಯ ಮೇಲಿಟ್ಟೇ ಕುಡಿದವರು. ಅಂದು ಸಂಜೆ ಗೋಡೆಯ ಮೇಲೆ ಒಂದೇ ಲೋಟ ಆರಿ ತಣ್ಣಗಾಯಿತು.

ಮರುದಿನ ಮಂಚಮ್ಮ ಕಂಡದ್ದು ಇನ್ನೂ ಉರಿಸುವಂಥದ್ದು. ಇಡೀ ಗಿಡ ಸವರಿದ ಪ್ರಮೀಳಾ ಮಂಚಮ್ಮನ ಗೋಡೆಯ ಕಡೆಗೆ ಚಾಚಿದ ಎಳೆ ರೆಂಬೆಗಳನ್ನು ಮಾತ್ರ ಹಾಗೇ ಬಿಟ್ಟಿದ್ದಳು. ಕಣ್ಣಿಗೆ ಚುಚ್ಚಲಿ ಅಂತಲೇ! ಸಾಲದ್ದಕ್ಕೆ, ಸದಾ ಗೇಟಿನಲ್ಲಿ ಬೊಗಳುವ ನಾಯಿಯನ್ನು ಹಿತ್ತಲಿಗೆ ಕಟ್ಟಿದ್ದಳು. ಗೇಟಿನ ಚಿಲಕ ಹಾಕಿರಲಿಲ್ಲ. ಕಿಟಕಿಗೆ ಪರದೆ ಎಳೆದಿತ್ತು.

ಇದು ಬಲೆ. ಮಂಚಮ್ಮನಿಗೆ ಅಷ್ಟೂ ತಿಳಿಯದೇ? ಅವಳು ಮಹಿಳಾ ಸಂಘದ ಅಧ್ಯಕ್ಷೆ. ಗಿಡದ ಬುಡದಲ್ಲಿ ಸಿಕ್ಕಿಬಿದ್ದರೆ ಶುಕ್ರವಾರದ ಸಭೆಯಲ್ಲಿ ಕೂರುವುದೆಲ್ಲಿ, ಮುಖ ಇಡುವುದೆಲ್ಲಿ? ಬೇಡ ಎಂದು ಒಳಗೆ ಹೋದಳು. ಮತ್ತೆ ಬಂದು ನೋಡಿದಳು. ಹೀಗೆ ಒಳಗೂ ಹೊರಗೂ ನಡೆದು ಹೊಸಲೇ ಸವೆದು ಹೋಯಿತು.

ಮಧ್ಯಾಹ್ನ, ಮುದ್ದೆ ಉಂಡು ಬೀದಿಗೆ ಬೀದಿಯೇ ಮಲಗಿದ ಹೊತ್ತು. ಮಂಚಮ್ಮ ಚಾಕುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಗೇಟು ತಳ್ಳಿದಳು. ಗೇಟು ಕಿರ್ರೆನ್ನಲಿಲ್ಲ. ಯಾರೋ ಎಣ್ಣೆ ಬಿಟ್ಟಂತಿತ್ತು. ಗಿಡದ ಬುಡದಲ್ಲಿ ಕುಕ್ಕರಿಸಿದಳು. ಅವಳ ಎದೆಬಡಿತ ಪಾಂಡವಪುರಕ್ಕೂ ಕೇಳಿಸಿರಬೇಕು. ಎಳೆ ರೆಂಬೆಯೊಂದನ್ನು ಹಿಡಿದು ಗೆಣ್ಣಿನ ಕೆಳಗೆ ಚಾಕು ಇಟ್ಟಳು.

ಒಳಗೆ ಪರದೆ ಅಲುಗಿತು. ಊಟಕ್ಕೆ ಬಂದಿದ್ದ ಪ್ರಮೀಳಾಳ ಗಂಡ ಚಲುವರಾಜು ಕೈ ತೊಳೆದು ಬಂದು ಪರದೆಯ ಸಂದಿಯಿಂದ ಹೊರಗೆ ನೋಡಿದವನು ಬೆಚ್ಚಿಬಿದ್ದ.

"ಲೇ, ಗಿಡದತ್ರ ಯಾರೋ ಅವ್ರೆ ಕನೇ! ಅಯ್ಯೋ, ಮಂಚಕ್ಕ! ನಮ್ ಮನೇಲೇ ಕಳ್ತನವಾ? ತಡಿ, ಇವತ್ತು ಬೀದಿನೆಲ್ಲಾ ಕೂಗಿ ಎಬ್ಬುಸ್ತೀನಿ," ಎಂದು ಬಾಗಿಲಿಗೆ ನುಗ್ಗಿದ.

ಪರದೆಯ ಹಿಂದೆ ಕಾದು ಕುಳಿತಿದ್ದ ಪ್ರಮೀಳಾ ಅವನ ಅಂಗಿ ಹಿಡಿದು ಜಗ್ಗಿ, ಬಾಯಿಯ ಮೇಲೆ ಕೈಯಿಟ್ಟಳು.

"ಸುಮ್ಕಿರಿ ಅಂದ್ರೆ, ಕೆಮ್ಮಲೂ ಬ್ಯಾಡಿ! ಈ ಹೂವಿನ್ ಗಿಡ ಕೊಟ್ರೆ ಅಕ್ಕನ ಕೈಲಿ ಉಳಿಯಾಕಿಲ್ಲ, ಕದ್ದು ನೆಟ್ರೇನೇ ಚಿಗುರೋದು ಅಂತ ಅಷ್ಟೊಂದು ಬೈಸ್ಕೊಂಡಿವ್ನಿ. ನೆಮ್ದಿಯಾಗಿ ಕದೀಲಿ ಬುಡಿ."